ಅಪ್ಪ, ಲಂಡನ್ ಮತ್ತು ಪಟ್ಟಣದ ಹುಲಿ

ಊರಿಂದ ಬಂದ ಅಪ್ಪ-ಅಮ್ಮನನ್ನು ಲಂಡನ್ನಿಗೆ ಕರೆದುಕೊಂಡು ಹೋಗುವುದು ಬರ್ಮಿಂಗ್‌ಹ್ಯಾಮಿನ ಕನ್ನಡಿಗರ ಮನೆಗಳಲ್ಲಿ ಒಂದು ವ್ರತ ಇದ್ದ ಹಾಗೆ. ಮೊದಲ ವಾರ ಜೆಟ್‌ಲ್ಯಾಗ್, ಎರಡನೇ ವಾರ ಟಿವಿಡೇಲ್‌ನ ಬಾಲಾಜಿ ದೇವಸ್ಥಾನ, ಮೂರನೇ ವಾರ ಲಂಡನ್. 2016ರ ಮೇ ತಿಂಗಳಲ್ಲಿ ನಮ್ಮ ಎಜ್‌ಬಾಸ್ಟನ್ ಮನೆಯಲ್ಲೂ ಈ ವ್ರತ ನಡೆಯಿತು. ಅಮ್ಮ ಮಂಡಿನೋವಿನ ನೆಪ ಹೇಳಿ "ನೀವಿಬ್ರೂ ಹೋಗ್ಬನ್ನಿ, ನಾನು ಮಗೂನ ನೋಡ್ಕೋತೀನಿ" ಅಂದರು. ಹಿಂದಿನ ರಾತ್ರಿಯೇ ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿದ್ದೂ ಆಯಿತು.

ಕಾರು ಬಿಟ್ಟು ಕೋಚ್ ಟೂರಿನಲ್ಲಿ ಹೋಗಲು ಕಾರಣ ಲಂಡನ್ನಿನ ಪಾರ್ಕಿಂಗ್ ಅಂತ ಹೆಂಡತಿಗೆ ಹೇಳಿದ್ದೆ. ಅದು ಅರ್ಧ ಸತ್ಯ. ಹೋಗೋದಕ್ಕೆ ಮೂರು ಗಂಟೆ, ಬರೋದಕ್ಕೆ ಮೂರು ಗಂಟೆ ಅಪ್ಪನ ಪಕ್ಕದಲ್ಲೇ ಕೂತಿರಬಹುದು, ಆ ವಿಷಯ ಹೇಳಿಬಿಡಬಹುದು ಅನ್ನೋದು ಇನ್ನರ್ಧ. ವಿಷಯ ಏನೆಂದರೆ, ಅಡುಗೆಮನೆಯ ಡ್ರಾಯರಿನಲ್ಲಿ ಪಿಜ್ಜಾ ಕೂಪನ್ನುಗಳ ಕೆಳಗೆ ಒಂದು ಕಾಗದ ಇತ್ತು. ನನಗೆ ಬ್ರಿಟಿಷ್ ಪೌರತ್ವ ಮಂಜೂರಾಗಿದೆ, ಸಮಾರಂಭಕ್ಕೆ ಬಂದು ರಾಣಿಗೆ ನಿಷ್ಠೆಯ ಪ್ರಮಾಣ ಮಾಡಿ ಅಂತ. ಆಗ ರಾಣಿ ಎರಡನೇ ಎಲಿಜಬೆತ್ ಇನ್ನೂ ಬದುಕಿದ್ದರು.

ಅದರಲ್ಲೇನಿದೆ ಹೇಳೋಕೆ ಅಂತೀರಾ? ನಮ್ಮಪ್ಪ ಯಾರು ಅಂತ ಗೊತ್ತಾದರೆ ಹಾಗೆ ಕೇಳಲ್ಲ.

ಅಪ್ಪ ಪಾಂಡವಪುರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಚರಿತ್ರೆ ಮೇಷ್ಟ್ರು. ಪ್ರತಿ ಡಿಸೆಂಬರಿನಲ್ಲೂ ಮಕ್ಕಳನ್ನು ಬಸ್ಸಿಗೆ ತುಂಬಿಕೊಂಡು ಶ್ರೀರಂಗಪಟ್ಟಣ ತೋರಿಸುತ್ತಿದ್ದರು. ನಮ್ಮ ಕಡೆ ಅದು ಬರೀ 'ಪಟ್ಟಣ'. 1610ರಲ್ಲಿ ರಾಜ ಒಡೆಯರು ಗೆದ್ದ ಮೇಲೆ 1799ರ ತನಕ ಮೈಸೂರಿನ ರಾಜಧಾನಿಯಾಗಿದ್ದ ಊರು. ಅಪ್ಪನದು ಒಂದೇ ರೂಟು: ರಂಗನಾಥಸ್ವಾಮಿ ದೇವಸ್ಥಾನ, ಬೇಲಿಯ ಸೆರೆಮನೆ, ಟಿಪ್ಪು ಬಿದ್ದ ಜಾಗ, ದರಿಯಾ ದೌಲತ್, ಕೊನೆಗೆ ಗುಂಬಜ್. ನಾನೂ ಅದೇ ಸ್ಕೂಲಾದ್ದರಿಂದ ಮೂರು ಸಲ ಆ ಸಾಲಿನಲ್ಲಿ ನಡೆದಿದ್ದೇನೆ, ಮೂರೂ ಸಲ ಆಕಳಿಸಿದ್ದೇನೆ. ದರಿಯಾ ದೌಲತ್‌ನ ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಇದೆಯಲ್ಲ, ಪಲ್ಲಕ್ಕಿಯಲ್ಲಿ ಬೇಲಿ ಉಗುರು ಕಚ್ಚಿಕೊಂಡು ಕೂತಿರೋದು, ಅದರ ಮುಂದೆ ಅಪ್ಪ ಕೋಲೂರಿ ನಿಲ್ಲುತ್ತಿದ್ದರು. "ಇಲ್ಲಿದ್ದ ಹುಲಿ ಈಗ ಲಂಡನ್ನಲ್ಲಿದೆ ಮಕ್ಕಳಾ. ಹಿಡಿ ತಿರುಗಿಸಿದ್ರೆ ಗರ್ಜಿಸುತ್ತೆ" ಅಂದು ತಾವೇ ಗರ್ಜಿಸಿ ತೋರಿಸುತ್ತಿದ್ದರು. ಹೆಣ್ಣುಮಕ್ಕಳು ಕಿರುಚೋರು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸೋದು.

ಇಂಥವರಿಗೆ 'ನಾನು ರಾಣಿ ಕಡೆಯವನಾಗ್ತಾ ಇದೀನಿ' ಅಂತ ಹೇಗೆ ಹೇಳೋದು?

ಹೋಗುವಾಗ ಹೇಳಲಿಲ್ಲ. ಆಕ್ಸ್‌ಫರ್ಡ್ ದಾಟಿದ ಮೇಲೆ ಹೇಳೋಣ ಅಂದುಕೊಂಡೆ, ಆಗ ಅಪ್ಪ ನಿದ್ದೆ ಹೋಗಿದ್ದರು.

ಲಂಡನ್ನಿನಲ್ಲಿ ನಮ್ಮ ಗೈಡ್ ಬಸ್ ಹತ್ತಿದ. ಎಪ್ಪತ್ತರ ಆಸುಪಾಸಿನ ಇಂಗ್ಲಿಷ್ ಅಜ್ಜ, ಕೈಯಲ್ಲಿ ಹಳದಿ ಕೊಡೆ. ಬಿಗ್ ಬೆನ್ ಅನ್ನೋದು ಗಂಟೆಯ ಹೆಸರು, ಗೋಪುರದ್ದಲ್ಲ, ಗೋಪುರಕ್ಕೆ 2012ರಲ್ಲಿ ರಾಣಿಯ ಹೆಸರಿಟ್ಟರು ಅಂತ ಶುರು ಮಾಡಿದವನು ನಿಲ್ಲಿಸಲೇ ಇಲ್ಲ. 1666ರ ಬೆಂಕಿ, ಅದು ಹತ್ತಿದ ಬ್ರೆಡ್ ಅಂಗಡಿ, ಸುಟ್ಟ ಊರಿನಲ್ಲಿ ರೆನ್ ಕಟ್ಟಿದ ಸೇಂಟ್ ಪಾಲ್ಸ್. ಅಪ್ಪ ಕಿವಿಗೆ ಕೈ ಹಚ್ಚಿ ಕೇಳಿ, "ಒಳ್ಳೇ ಮೇಷ್ಟ್ರು ಕಣೋ. ಇಸವಿ ತಪ್ಪಲ್ಲ" ಅಂತ ಸರ್ಟಿಫಿಕೇಟ್ ಕೊಟ್ಟರು. ಪಾರ್ಲಿಮೆಂಟಿನ ಹತ್ತಿರ ನಾನೂ ಒಂದು ಗೈಡ್‌ಗಿರಿ ಮಾಡಿದೆ. ಹೊಳೆಯ ಆಚೆ ದಡದಲ್ಲಿ ಬಸವಣ್ಣನ ಪ್ರತಿಮೆ ಇದೆ, 2015ರ ನವೆಂಬರ್ 14ರಂದು ಅನಾವರಣ ಆಯ್ತು ಅಂದೆ. ಬಸ್ಸಿನಿಂದ ಏನೂ ಕಾಣುತ್ತಿರಲಿಲ್ಲ. ಅಪ್ಪ ಆ ದಿಕ್ಕಿಗೇ ಕೈಮುಗಿದರು.

ಅರಮನೆ ಮುಂದಿನ ಜನಜಂಗುಳಿಯಲ್ಲಿ ಕಾವಲುಗಾರರ ಕರಡಿ ಟೋಪಿ ಬಿಟ್ಟರೆ ಮತ್ತೇನೂ ಕಾಣಲಿಲ್ಲ. ಅದನ್ನು ಬಿಡಿ.

ಲಂಡನ್ ಟವರ್ ಮಾತ್ರ ಬಿಡೋ ಹಾಗಿಲ್ಲ. ಒಳಗೆ ಹೋಗುವ ಮುಂಚೆ ಗೈಡ್ ಕೊಹಿನೂರಿನ ಬಗ್ಗೆ ಹೇಳುತ್ತಾ, 1849ರಲ್ಲಿ ಪಂಜಾಬಿನಿಂದ "ನಮಗೆ ಬಂತು" ಅಂದ. ಅಪ್ಪ ನನ್ನ ಕಡೆ ತಿರುಗಿ, "ಬಂತಂತೆ! ನಡ್ಕೊಂಡು ಬಂತೇನೋ?" ಅಂದರು. ಅಷ್ಟು ಜೋರಾಗಿ ಅಂದದ್ದು ಕನ್ನಡದಲ್ಲಿ ಅನ್ನೋದೇ ನನ್ನ ಪುಣ್ಯ. ಒಳಗೆ ಕಿರೀಟಗಳ ಮುಂದೆ ಜನ ನಿಂತು ನೋಡದ ಹಾಗೆ ನೆಲವೇ ಚಲಿಸುತ್ತದೆ, ಏರ್‌ಪೋರ್ಟಿನ ಪಟ್ಟಿಯ ಹಾಗೆ. ಅಪ್ಪ ಮೂರು ಸಲ ಸುತ್ತಿಕೊಂಡು ಬಂದು ಹತ್ತಿದರು. 186 ಕ್ಯಾರಟ್ ಇದ್ದದ್ದನ್ನು 1852ರಲ್ಲಿ ಇವರ ರುಚಿಗೆ ತಕ್ಕಂತೆ ಕೊರೆಸಿ 105 ಚಿಲ್ಲರೆಗೆ ಇಳಿಸಿದರಂತೆ. "ತಗೊಂಡೋರು ಹಂಗೇ ಇಟ್ಕೋಬಾರ್ದಾ?" ಅನ್ನೋದಷ್ಟೇ ಅಪ್ಪನ ಆಕ್ಷೇಪಣೆ.

ಮೂರೂವರೆಗೆ ಗೈಡ್ ಎಲ್ಲರನ್ನೂ ಶಾಪಿಂಗಿಗೆ ಬಿಟ್ಟ. ಆರಕ್ಕೆ ಹೈಡ್ ಪಾರ್ಕ್ ಪಕ್ಕ ಬಸ್ಸು, ಲೇಟಾದರೆ ಕಾಯಲ್ಲ. ಅಪ್ಪ ಕೋಟಿನ ಜೇಬಿನಿಂದ ಒಂದು ಚೀಟಿ ತೆಗೆದರು. ಅದರಲ್ಲಿ ಅವರದೇ ಅಕ್ಷರದಲ್ಲಿ 'ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ' ಅಂತಿತ್ತು. ಊರಿನಿಂದಲೇ ಬರೆದುಕೊಂಡು ಬಂದಿದ್ದರು, ಬಂದಾಗಿನಿಂದ ಬಾಯಿ ಬಿಟ್ಟಿರಲಿಲ್ಲ. ನಾನೊಬ್ಬನೇ ವಿಷಯ ಬಚ್ಚಿಟ್ಟಿದ್ದೆ ಅಂದುಕೊಂಡಿದ್ದೆ!

ಟವರ್ ಹಿಲ್‌ನಿಂದ ಸೌತ್ ಕೆನ್ಸಿಂಗ್ಟನ್‌ಗೆ ಟ್ಯೂಬ್ ಹಿಡಿದು, ಸುರಂಗದಲ್ಲಿ ಓಡಿ, ಅಂತೂ ಇಂತೂ ತಲುಪಿದೆವು.

ಗಾಜಿನ ಪೆಟ್ಟಿಗೆಯೊಳಗೆ ಹುಲಿ. ಮರದ್ದು, ಹಳದಿ ಮೈ, ಪಟ್ಟೆ ಪಟ್ಟೆ. ಅದರ ಕೆಳಗೆ ಅಂಗಾತ ಬಿದ್ದ ಬಿಳಿಯ, ತಲೆಗೆ ಕರಿ ಟೋಪಿ, ಮೈಗೆ ಕೆಂಪು ಕೋಟು. ಹೊಟ್ಟೆಯೊಳಗೆ ತಿದಿ, ಕೊಳವೆ. ಹಿಡಿ ತಿರುಗಿಸಿದರೆ ಮನುಷ್ಯನ ಕೈ ಮೇಲೆದ್ದು ನರಳಾಟ, ಹುಲಿಯ ಗುರುಗುರು, ಪಕ್ಕೆಯಲ್ಲಿ ಒಂದು ಪುಟ್ಟ ಆರ್ಗನ್. 1808ರಿಂದ ಲೆಡನ್‌ಹಾಲ್ ಬೀದಿಯ ಕಂಪನಿ ಕಛೇರಿಯಲ್ಲಿತ್ತು. ಬಂದವರೆಲ್ಲ ತಿರುಗಿಸಿ ತಿರುಗಿಸಿ, ಅಲ್ಲಿ ಓದಲು ಕೂತವರು ಗದ್ದಲ ತಡೆಯಲಾರದೆ ಬೈದುಕೊಂಡಿದ್ದರಂತೆ. ಎರಡನೇ ಮಹಾಯುದ್ಧದಲ್ಲಿ ಮೇಲಿನ ಚಾವಣಿ ಬಿದ್ದು ಚೂರು ಚೂರಾಗಿದ್ದನ್ನು ಮತ್ತೆ ಜೋಡಿಸಿದ್ದಾರೆ. ಈಗ ಜನ ತಿರುಗಿಸೋ ಹಾಗಿಲ್ಲ.

ಅಪ್ಪ ಮಾತಾಡಲೇ ಇಲ್ಲ. ಪೆಟ್ಟಿಗೆಯ ಸುತ್ತ ಬಂದರು, ಬಗ್ಗಿದರು, ಕನ್ನಡಕ ತೆಗೆದು ಒರೆಸಿದರು. ಸಿಟ್ಟು ಬರುತ್ತೆ, ಇಲ್ಲ ಕಣ್ಣಲ್ಲಿ ನೀರು ಬರುತ್ತೆ ಅಂತ ನಾನು ಕಾಯ್ತಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಐದಾರು ವರ್ಷದ ಇಂಗ್ಲಿಷ್ ಹುಡುಗ ಅವರಮ್ಮನನ್ನು ಇದು ಕೂಗುತ್ತಾ ಅಂತ ಕೇಳಿದ. ಆಕೆ ಉತ್ತರಿಸುವ ಮುಂಚೆ ಅಪ್ಪ "ಯೆಸ್, ಯೆಸ್, ವೆರಿ ಲೌಡ್" ಅಂದವರೇ ಶುರು ಮಾಡಿಬಿಟ್ಟರು, ದರಿಯಾ ದೌಲತ್‌ನ ಅದೇ ಗರ್ಜನೆ. ಮ್ಯೂಸಿಯಮ್ಮಿನ ಕಾವಲಿನವನು ಕತ್ತು ಚಾಚಿ ನೋಡಿದ. ಹುಡುಗ ಕುಣಿದು ಮತ್ತೊಂದ್ಸಲ ಅಂದ. ಅಪ್ಪ ಈ ಸಲ ಬಿದ್ದವನ ನರಳಾಟ ಮಾಡಲು ಹೋಗಿ, ಅರ್ಧಕ್ಕೇ ನಿಲ್ಲಿಸಿದರು.

ಹುಡುಗ ಹೋದ ಮೇಲೆ ನನಗೆ ಹೇಳಿದರು: "ಇವನ ಮುಖ ನೋಡೋ. ಎಷ್ಟು ಚಿಕ್ಕ ಹುಡುಗ. ಮೂವತ್ತೊಂದು ವರ್ಷ ಹುಲೀದೇ ಹೇಳ್ದೆ. ಇವನ ಬಗ್ಗೆ ಒಂದಿನಾನೂ ಹೇಳ್ಲಿಲ್ಲ."

ನನಗೆ ಏನು ಹೇಳಬೇಕೋ ತೋಚದೆ ಓದಿದ್ದೊಂದನ್ನು ಒದರಿದೆ. ಪಟ್ಟಣ ಬಿದ್ದ ಮೇಲೆ ಕಂಪನಿಯ ಸೈನ್ಯಕ್ಕೆ ಹಂಚಲು ಒಂದು ಪದಕ ಮಾಡಿಸಿದರು, ಅದರಲ್ಲಿ ಸಿಂಹ ಹುಲಿಯನ್ನು ಕೆಡವಿಕೊಂಡಿದೆ, ಕೆಳಗೆ 1799ರ ಮೇ 4 ಅಂತ ತಾರೀಕು. ಅದನ್ನು ಅಚ್ಚು ಹಾಕಿದ್ದು ಮ್ಯಾಥ್ಯೂ ಬೌಲ್ಟನ್ನನ ಸೋಹೋ ಟಂಕಸಾಲೆ, ನಮ್ಮ ಹ್ಯಾಂಡ್ಸ್‌ವರ್ತಿನಲ್ಲಿ. ಮೊನ್ನೆ ಅಮ್ಮ ಕೊತ್ತಂಬರಿ ಸೊಪ್ಪಿಗೆ ಚೌಕಾಸಿ ಮಾಡಿದ ಸೋಹೋ ರೋಡ್ ಇದೆಯಲ್ಲ, ಅಲ್ಲೇ ಹತ್ತಿರ.

"ಹಂಗಾದ್ರೆ ನಿಮ್ಮೂರಲ್ಲೇ ಮಾಡಿದ್ದು" ಅಂದರು ಅಪ್ಪ.

ಅವರು ಏನೂ ಇಟ್ಟುಕೊಂಡು ಹೇಳಿದ್ದಲ್ಲ. ಆದರೆ ಹದಿಮೂರು ವರ್ಷದಲ್ಲಿ ಒಂದು ಸಲವೂ ಅವರ ಬಾಯಲ್ಲಿ ಬರ್ಮಿಂಗ್‌ಹ್ಯಾಮು 'ನಿಮ್ಮೂರು' ಆಗಿರಲಿಲ್ಲ. 'ಅಲ್ಲಿ' ಆಗಿತ್ತು. 'ನೀನಿರೋ ಕಡೆ' ಆಗಿತ್ತು.

ಆರಕ್ಕೆ ಎರಡು ನಿಮಿಷ ಇದ್ದಾಗ ಬಸ್ಸು ಸಿಕ್ಕಿತು. ಗೈಡ್ ಕೊಡೆ ಎತ್ತಿ ಎಲ್ಲರಿಗೂ ವಿದಾಯ ಹೇಳಿದ. ಅಪ್ಪ ಎದ್ದು ಹೋಗಿ ಅವನ ಕೈ ಕುಲುಕಿ "ಐ ಯಾಮ್ ಆಲ್ಸೋ ಗೈಡ್, ಶ್ರೀರಂಗಪಟ್ಟಣ" ಅಂದು ಬಂದು ಕೂತರು.

ಎಂ 40ರಲ್ಲಿ ಬೆಳಕಿನ್ನೂ ಇತ್ತು. ಎರಡೂ ಕಡೆ ಹಸಿರು, ಕುರಿಗಳು. ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿಬಿಟ್ಟೆ. ಅರ್ಜಿ ಹಾಕಿದ್ದು, ಕಾಗದ ಬಂದಿದ್ದು, ಪಾಸ್‌ಪೋರ್ಟ್ ವಾಪಸ್ ಕೊಡಬೇಕಾಗಿರೋದು, ಮುಂದಿನ ತಿಂಗಳ ಪ್ರಮಾಣ, ಎಲ್ಲ.

ಅಪ್ಪ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಜಮೀನಿನ ವಿಷಯ. "ನಮ್ಮ ಗದ್ದೆ?"

"ಕೊಂಡುಕೊಳ್ಳೋ ಹಾಗಿಲ್ಲ ಅಪ್ಪ. ನಿಮ್ಮಿಂದ ಬಂದರೆ ಇಟ್ಕೋಬಹುದು."

"ಊರಿಗೆ ಬರೋಕೆ ವೀಸಾನಾ?"

"ಓಸಿಐ ಅಂತ ಕಾರ್ಡ್ ಕೊಡ್ತಾರೆ. ವೀಸಾ ಬೇಡ."

ಇನ್ನೊಂದಿಷ್ಟು ಕುರಿಗಳು ಹೋದವು.

"ದರಿಯಾ ದೌಲತ್ತಲ್ಲಿ ಫಾರಿನರ್ ಟಿಕೆಟ್ ತಗೋಬೇಕೇನೋ ನೀನು?"

ತಮಾಷೆಗೆ ಕೇಳ್ತಿದ್ದಾರಾ ಅಂತ ತಿರುಗಿ ನೋಡಿದೆ. ತಮಾಷೆ ಇರಲಿಲ್ಲ.

"ಇಲ್ಲಪ್ಪ. ಆ ಕಾರ್ಡ್ ಇದ್ರೆ ನಮ್ಮೋರ ರೇಟೇ."

"ನೋಡು, ಆ ಗೇಟಿನೋರಿಗೆ ಅದು ಗೊತ್ತಿರಲ್ಲ, ಜಗಳ ಆಡ್ತಾರೆ. ಬಂದಾಗ ನಾನೂ ಬರ್ತೀನಿ ಜೊತೇಲಿ" ಅಂದು ಚಿತ್ರಾನ್ನದ ಡಬ್ಬಿ ಎಲ್ಲಿ ಅಂತ ಬ್ಯಾಗಿನಲ್ಲಿ ಕೈಯಾಡಿಸತೊಡಗಿದರು.