ಕುದುರೆಯ ಮೇಲಿನ ಬೆರಳು

ಮೊನ್ನೆ ರಾತ್ರಿ ಟೆಕ್ಸಾಸಿನಿಂದ ಅಕ್ಕನ ಮಗ ಫೋನ್ ಮಾಡಿದ. ಊಟ, ಮಳೆ, ಕೊಬ್ಬರಿ ರೇಟು ಎಲ್ಲ ಮುಗಿದ ಮೇಲೆ, "ಮಾವ, ಒಂದು ಹ್ಯಾಂಡ್‌ಗನ್ ತಗೋಬೇಕು ಅಂತಿದೀನಿ. ಭಾನುವಾರ ರೇಂಜಿನಲ್ಲಿ ಗುರಿ ಹೊಡೆಯೋಕೂ ಆಗ್ಬೇಕು, ಮಿಕ್ಕ ದಿನ ಶರ್ಟಿನ ಒಳಗೆ ಸೊಂಟಕ್ಕೆ ಇಟ್ಕೊಳ್ಳೋಕೂ ಆಗ್ಬೇಕು. ನೀವಂತೂ ಆ ಹುಚ್ಚು ಹಿಡಿಸಿಕೊಂಡಿದೀರಲ್ಲ, ಮೊದಲ್ನೇದು ಯಾವುದು ತಗೊಳ್ಳಲಿ ಹೇಳಿ" ಎಂದ. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ನನ್ನ ಹೆಂಡತಿ ತಲೆ ಎತ್ತಿ, "ಅವನು ಪಿಸ್ತೂಲು ಅಂದ್ನೋ, ಪ್ರೆಶರ್ ಕುಕ್ಕರ್ ಅಂದ್ನೋ?" ಎಂದು ಕೇಳಿದಳು. ಹುಡುಗನ ದನಿ ಅಷ್ಟು ನೆಮ್ಮದಿಯಾಗಿತ್ತು. ಅವನಿರುವ ರಾಜ್ಯದಲ್ಲಿ 2021ರ ಸೆಪ್ಟೆಂಬರ್ 1ರಿಂದ, 21 ತುಂಬಿದ, ಕಾನೂನಿನ ಬೇರೆ ಅಡ್ಡಿಯಿಲ್ಲದ ಯಾರು ಬೇಕಾದರೂ ಪರವಾನಗಿಯ ಗೊಡವೆಯಿಲ್ಲದೆ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡಬಹುದು.

"ಎರಡೂ ಒಂದರಲ್ಲೇ ಸಿಗಲ್ಲ ಕಣಪ್ಪ" ಎಂದೆ. ಯಾಕೆ ಎಂದು ಕೇಳಿದ. ಅದನ್ನು ಫೋನಿನಲ್ಲಿ ಹೇಳುವುದು ಹೇಗೆ? ಗುಬ್ಬಿಯ ಕೊಬ್ಬರಿ ಶೆಡ್ಡಿನಿಂದ ಶುರು ಮಾಡಬೇಕಾಗುತ್ತದೆ.

ಅದಕ್ಕೂ ಹಿಂದೆ ಹೋಗುವುದಾದರೆ, ನನ್ನ ಮೊದಲ ಪಿಸ್ತೂಲು ದೀಪಾವಳಿಯ ತಗಡಿನದು. ಒಳಗೆ ಕೆಂಪು ಕಾಗದದ ಕೇಪಿನ ಸುರುಳಿ. ನಾಲ್ಕು ಸಲ ಟಪ್ ಎಂದರೆ ಐದನೆಯದಕ್ಕೆ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಎರಡನೆಯದು ಶಿವರಾತ್ರಿ ಹೊತ್ತಿನ ಸಿದ್ಧಗಂಗೆ ಜಾತ್ರೆಯದು. ದನಗಳ ಸಾಲು ದಾಟಿ ಆಚೆ ಹೋದರೆ ಹಲಗೆಗೆ ಬಲೂನು ಕಟ್ಟಿಕೊಂಡ ಗಾಳಿಕೋವಿಯ ಅಂಗಡಿ. ಅಲ್ಲಿಯ ಕೋವಿ ಯಾವಾಗಲೂ ಒಂದು ಗೇಣು ಎಡಕ್ಕೆ ಹೊಡೆಯುತ್ತದೆ ಎಂಬುದು ಎರಡು ವರ್ಷದ ಚಿಲ್ಲರೆ ಕಳೆದುಕೊಂಡ ಮೇಲೆ ನನಗೆ ಹೊಳೆಯಿತು. ಮೂರನೆಯ ವರ್ಷ ಕೆಂಪು ಬಲೂನು ಒಡೆಯಲು ಅದರ ಬಲಗಡೆಯ ಹಳದಿ ಬಲೂನಿಗೆ ಗುರಿಯಿಟ್ಟೆ. ಅಂಗಡಿಯವನು ನನ್ನ ಮುಖ ನೋಡಿ, "ಸಾಕು, ಹೋಗಪ್ಪ" ಎಂದ. ಬದುಕಿನಲ್ಲಿ ನನಗೆ ಸಿಕ್ಕ ಮೊದಲ ಬಿರುದು ಅದು. ಆದರೆ ಕೋವಿ ಮನೆಗೆ ಬರಲಿಲ್ಲ. "ಗುಬ್ಬಿ ಅನ್ನೋ ಊರಲ್ಲಿ ಹುಟ್ಟಿ ಗುಬ್ಬಿಗೆ ಗುರಿ ಇಡ್ತೀಯಾ?" ಎಂದು ಅವ್ವ ಚಾಟರಬಿಲ್ಲನ್ನೇ ಒಲೆಗೆ ಹಾಕಿದ್ದಳು.

ನಿಜವಾದ ಕೋವಿ ಇದ್ದದ್ದು ಕುಣಿಗಲ್ ಕಡೆಯ ದೊಡ್ಡಪ್ಪನ ಮನೆಯಲ್ಲಿ. ಹಂದಿ ಕಾಟಕ್ಕೆಂದು ಲೈಸೆನ್ಸ್ ಮಾಡಿಸಿದ ಒಂಟಿನಳಿಗೆ. ಚುನಾವಣೆ ಬಂದಾಗಲೆಲ್ಲ ಅದನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ, ರಸೀತಿ ಪಡೆದು, ಮುಗಿದ ಮೇಲೆ ಹೋಗಿ ಬಿಡಿಸಿಕೊಂಡು ಬರುತ್ತಿದ್ದರು. ಅದರ ಕುದುರೆಯನ್ನು ನಾನು ಮೊದಲು ಮುಟ್ಟಿದ್ದು ಹತ್ತನೆಯ ವಯಸ್ಸಿನಲ್ಲಿ. ಈಡು ಹೊತ್ತಿಸಲು ಹಿಂದಕ್ಕೆಳೆಯುವ ಭಾಗಕ್ಕೆ ನಮ್ಮ ಹಿರಿಯರು ಕುದುರೆ ಎನ್ನುತ್ತಿದ್ದರು. ದೊಡ್ಡಪ್ಪ ಬೆರಳಿನಿಂದ ಎಳೆಯುವ ಟ್ರಿಗರಿಗೂ ಅದೇ ಹೆಸರನ್ನು ಅಂಟಿಸಿದ್ದರು. ಟಿಪ್ಪುವಿನ ಕಾಲದಿಂದ ದಂಡಿಗೆ ಕುದುರೆ ಸಾಕಿದ ಊರು ಕುಣಿಗಲ್. ಆ ಸ್ಟಡ್ ಫಾರಮ್ಮಿನ ಬೇಲಿಯ ಪಕ್ಕದಲ್ಲಿ ನಡೆಯುತ್ತ ದೊಡ್ಡಪ್ಪ ಹೇಳಿದ್ದರು: "ಕುದುರೆ ಅದಾದ್ರೂ ಅಷ್ಟೇ, ಇದಾದ್ರೂ ಅಷ್ಟೇ ಕಣ್ಲಾ. ಜಗ್ಗಬಾರ್ದು." ಆ ಮಾತು ಅರ್ಥವಾಗಲು ನನಗೆ ಮೂವತ್ತೈದು ವರ್ಷ ಹಿಡಿಯಿತು. 2019-20ರಲ್ಲಿ ಗುಬ್ಬಿ, ಕುಣಿಗಲ್, ಹೆಬ್ಬೂರು ಸುತ್ತ ಚಿರತೆ ಜನರನ್ನು ಕೊಂದಾಗ ಊರು ಕತ್ತಲಾಗುವ ಮೊದಲೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಆಗಲೂ ದೊಡ್ಡಪ್ಪ ಕೋವಿಯನ್ನು ಗೂಟದಿಂದ ಇಳಿಸಲಿಲ್ಲ. ಚಿರತೆ ಬೋನಿಗೆ ಬೀಳಬೇಕಾದ ಪ್ರಾಣಿ, ಈಡಿಗಲ್ಲ ಎಂದು ಅವರಿಗೆ ಗೊತ್ತಿತ್ತು.

ಇನ್ನು ಸೊಂಟದ ಪಿಸ್ತೂಲಿನ ವಿಚಾರ. ನಾನು ತುಮಕೂರಿನ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಕೊಬ್ಬರಿ, ಅಡಿಕೆ ವ್ಯವಹಾರವೆಲ್ಲ ನೋಟಿನ ಕಟ್ಟಿನಲ್ಲೇ ನಡೆಯುತ್ತಿದ್ದ ಕಾಲದಲ್ಲಿ ನಮ್ಮ ಸಾಹುಕಾರರ ಬಳಿ ಕಾನ್ಪುರದಲ್ಲಿ ಸರ್ಕಾರಿ ಕಾರ್ಖಾನೆ ಮಾಡಿದ .32 ರಿವಾಲ್ವರ್ ಇತ್ತು. ಆರು ಗುಂಡಿನದು, ಮೂರು ಇಂಚಿನ ನಳಿಗೆ. 9 ಎಂ.ಎಂ. ನಮ್ಮಲ್ಲಿ ಸಾಮಾನ್ಯರಿಗೆ ನಿಷಿದ್ಧ ಬೋರು. ಹಾಗಾಗಿ ಭಾರತದ ಸೊಂಟಕ್ಕೆ ಹೆಚ್ಚಾಗಿ ಗತಿ ಈ .32. ಸಾಹುಕಾರರು ಒಂದು ಮಧ್ಯಾಹ್ನ ಗುಂಡು ತೆಗೆದು, ಗುಂಡಿನ ಮನೆ ಬಿಚ್ಚಿ, ಆರೂ ತೂತುಗಳಲ್ಲಿ ಬೆಳಕು ತೋರಿಸಿ, ಆಮೇಲೆ ನನ್ನ ಕೈಗಿಟ್ಟರು. ಆ ಶಿಸ್ತಿಗಾಗಿ ಅವರ ಮೇಲೆ ನನಗೆ ಇವತ್ತಿಗೂ ಗೌರವ. ಹಿಡಿ ಎಷ್ಟು ಚಿಕ್ಕದೆಂದರೆ ನನ್ನ ಕಿರುಬೆರಳಿಗೆ ಜಾಗವೇ ಇರಲಿಲ್ಲ. ಕುದುರೆಯನ್ನು ಎಳೆದರೆ ಹಳೆಯ ಬಾವಿಯ ರಾಟೆಯ ಹಾಗೆ ಬಿಗಿ. ಎಳೆದು ಮುಗಿಸುವಷ್ಟರಲ್ಲಿ ಮೂತಿ ಕ್ಯಾತ್ಸಂದ್ರದ ಕಡೆ ತಿರುಗಿತ್ತು. "ನೀವು ಯಾವತ್ತಾದ್ರೂ ಹೊಡೆದಿದೀರಾ ಯಜಮಾನ್ರೆ?" ಎಂದೆ. "ತಗೊಂಡ ವರ್ಷ ಎರಡು. ಕಿವಿ ಗುಂಯ್ ಅಂತು" ಎಂದರು. ಈಗ ಲಕ್ಷಗಳು ಫೋನಿನಲ್ಲೇ ಹೋಗಿ ಬರುತ್ತವೆ.

ಆ ರಿವಾಲ್ವರಿನದು ತಪ್ಪಲ್ಲ. ಸೊಂಟದಲ್ಲಿ ಅಡಗಬೇಕಾದದ್ದು ಚಿಕ್ಕದಾಗಿರಬೇಕು, ಜೇಬಿನಲ್ಲಿ ತಾನಾಗಿ ಸಿಡಿಯಬಾರದು ಎಂದರೆ ಕುದುರೆ ಬಿಗಿಯಾಗಿರಬೇಕು. ಗುರಿಗೆ ಬೇಕಾದದ್ದು ಇದರ ತದ್ವಿರುದ್ಧ. ಮಂಡಿಯವನಾದ್ದರಿಂದ ಲೆಕ್ಕವನ್ನೇ ಮುಂದಿಡುತ್ತೇನೆ. ಪಿಸ್ತೂಲಿನ ಹಿಂದಿನ ಕಚ್ಚಿನಲ್ಲಿ ಮುಂದಿನ ಗೂಟವನ್ನು ಕೂರಿಸಿ ಗುರಿ ನೋಡುವುದು. ಸ್ಪರ್ಧೆಯ ಗಾಳಿಪಿಸ್ತೂಲಿನಲ್ಲಿ ಇವೆರಡರ ನಡುವೆ ಸುಮಾರು 32 ಸೆಂಟಿಮೀಟರ್. ಗೂಟ 1 ಮಿಲಿಮೀಟರ್ ಪಕ್ಕಕ್ಕೆ ಸರಿದರೆ 10 ಮೀಟರ್ ದೂರದಲ್ಲಿ ಗುಂಡು 31 ಮಿಲಿಮೀಟರ್ ಸರಿಯುತ್ತದೆ. ಗುರಿಹಾಳೆಯ ಕಪ್ಪು ಭಾಗದ ಅಡ್ಡಗಲ 59.5 ಮಿ.ಮೀ.; ಅದರ ಅಂಚೇ ಏಳು ಅಂಕದ ಗೆರೆ. ಅಂದರೆ ಗುಂಡಿನ ಅಂಚು ಕೂದಲಿನಷ್ಟರಲ್ಲಿ ಆ ಗೆರೆ ಸವರಿ ಉಳಿಯಬಹುದು. ಅದೇ 1 ಮಿಲಿಮೀಟರ್ ತಪ್ಪನ್ನು, ಕಚ್ಚು ಮತ್ತು ಗೂಟದ ನಡುವೆ 12 ಸೆಂಟಿಮೀಟರ್ ಇರುವ ಸೊಂಟದ ಪಿಸ್ತೂಲಿನಲ್ಲಿ ಮಾಡಿ. ಗುಂಡು 83 ಮಿಲಿಮೀಟರ್ ಆಚೆ ಬೀಳುತ್ತದೆ, ಒಂದರ ಉಂಗುರವನ್ನೂ ದಾಟಿ. ಅಕ್ಕನ ಮಗನಿಗೆ ಹೇಳಿದ್ದು ಇಷ್ಟೇ: ಒಂದನ್ನು ಅಡಗಿಸಿಟ್ಟಷ್ಟೂ ಇನ್ನೊಂದು ಕೈತಪ್ಪುತ್ತದೆ.

ನನ್ನ ಆಯ್ಕೆ ಸುಲಭವಾಗಿತ್ತು, ಯಾಕೆಂದರೆ ನನಗೆ ಅಡಗಿಸುವಂಥದ್ದು ಏನೂ ಇರಲಿಲ್ಲ. ನಮ್ಮ ದೇಶದಲ್ಲಿ 0.177 ಇಂಚು, ಅಂದರೆ 4.5 ಮಿ.ಮೀ. ಮೀರದ, 20 ಜೂಲ್ ಶಕ್ತಿ ದಾಟದ ಗಾಳಿಪಿಸ್ತೂಲಿಗೆ ಲೈಸೆನ್ಸ್ ಬೇಡ. ಸ್ಪರ್ಧೆಯ ಪಿಸ್ತೂಲಿನ ಶಕ್ತಿ ಐದಾರು ಜೂಲ್ ಅಷ್ಟೇ. ಅರ್ಧ ಗ್ರಾಂ ಸೀಸದ ಪೆಲೆಟ್ಟು, ಚಪ್ಪಟೆ ತಲೆಯದು. ಹಾಳೆಯಲ್ಲಿ ಬಸ್ ಕಂಡಕ್ಟರ್ ಪಂಚ್ ಮಾಡಿದ ಹಾಗೆ ದುಂಡಗೆ ತೂತು ಕೊರೆಯುತ್ತದೆ. ಆ ತೂತಿನ ಅಂಚು ನೋಡುವುದೇ ಒಂದು ಸುಖ.

ಬೆಂಗಳೂರಿನ ರೇಂಜೊಂದರಲ್ಲಿ ಹಿರಿಯ ತರಬೇತುದಾರರೊಬ್ಬರು ಐದು ಪಿಸ್ತೂಲುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟರು. ಆಸ್ಟ್ರಿಯದ ಸ್ಟೆಯರ್, ಸ್ವಿಸ್ ಮೊರಿನಿ, ಇಟಲಿಯ ಪಾರ್ದಿನಿ ಎಂದು ನಾನು ಹೆಸರು ಓದುತ್ತಿದ್ದರೆ ಅವರು, "ಹೆಸರು ಆಮೇಲೆ. ಕಣ್ಣು ಮುಚ್ಚಿ" ಎಂದರು. ಕಣ್ಣು ಮುಚ್ಚಿ ಪಿಸ್ತೂಲು ಹಿಡಿದು, ತೋಳು ಎತ್ತಿ, ಇಳಿಸಿ, ನಿಂತಲ್ಲೇ ಕಣ್ಣು ತೆರೆಯಬೇಕು. ಗೂಟ ಕಚ್ಚಿನ ನಡುವೆಯೇ ನಿಂತಿದ್ದರೆ ಅದು ನಿಮ್ಮ ಕೈಯ ಪಿಸ್ತೂಲು. ನಾಲ್ಕರಲ್ಲಿ ಗೂಟ ಗೋಡೆಯ ಮೂಲೆ ಸೇರಿತ್ತು. ಐದನೆಯದು ಮೇಜಿನ ಮೇಲಿದ್ದವುಗಳಲ್ಲೇ ಹಳೆಯದು, ಬಣ್ಣ ಸವೆದದ್ದು, ಯಾರೋ ಮಾರಲು ಬಿಟ್ಟು ಹೋದದ್ದು. ಅದರಲ್ಲಿ ಗೂಟ ನಡುವಿಗೆ ಬಂದು ಸುಮ್ಮನೆ ಕೂತಿತ್ತು. ಹೆಣ್ಣು ನೋಡಲು ಹೋಗಿ ಕಾಫಿ ತಂದುಕೊಟ್ಟ ಪಕ್ಕದ ಮನೆಯವಳನ್ನು ಮೆಚ್ಚಿಕೊಂಡ ಹಾಗಾಯಿತು. ಹೊಸತಾದರೆ ಲಕ್ಷದ ಮೇಲೆ. ಇದು ನನ್ನ ಕೈಗೆಟುಕಿತು. ಕೊಳ್ಳುವ ಮುನ್ನ ಅವರು ಟ್ರಿಗರಿಗೆ 500 ಗ್ರಾಂ ತೂಕವನ್ನು ನೇತುಹಾಕಿ ಪಿಸ್ತೂಲನ್ನು ಮೇಲೆತ್ತಿದರು. ಅರ್ಧ ಕೆಜಿ ತಡೆದು ನಿಲ್ಲಬೇಕು, ಅದಕ್ಕಿಂತ ಸಡಿಲವಿದ್ದರೆ ಸ್ಪರ್ಧೆಗೆ ಬಿಡುವುದಿಲ್ಲ. ಒಟ್ಟು ತೂಕ ಒಂದೂವರೆ ಕೆಜಿ ಮೀರುವಂತಿಲ್ಲ. ನಂದು ಒಂದು ಕೆಜಿಗೆ ಸ್ವಲ್ಪ ಕಡಿಮೆ. ಒಂದೇ ಕೈಯಲ್ಲಿ, ತೋಳು ಚಾಚಿ ಹಿಡಿಯಬೇಕು ಎಂದಾಗ ಮಾತ್ರ ಆ ಕೆಜಿ ಯಾವ ಕೆಜಿ ಎಂದು ಗೊತ್ತಾಗುವುದು.

ಮನೆಗೆ ತಂದ ಮೇಲೆ ಶುರುವಾದದ್ದು ಹಿಡಿಯ ಕತೆ. ಮರದ ಹಿಡಿ ಅಕ್ರೋಟಿನದು, ಯಾವನೋ ಯುರೋಪಿನವನ ಅಂಗೈಗೆ ಕೆತ್ತಿದ್ದು. ನನ್ನ ಅಂಗೈಯ ಕುಳಿಯಲ್ಲಿ ಖಾಲಿ, ಹೆಬ್ಬೆರಳ ಬುಡದಲ್ಲಿ ಚುಚ್ಚು. ಗುಬ್ಬಿಯಲ್ಲಿ ನಮ್ಮ ಮನೆಯ ಬಾಗಿಲು, ನೇಗಿಲು, ತೊಟ್ಟಿಲು ಎಲ್ಲ ಮಾಡಿದ ಆಚಾರ್ರಿಗೆ ತೋರಿಸಿದೆ. ಅವರು ಪಿಸ್ತೂಲನ್ನು ಮುಟ್ಟಲಿಲ್ಲ. "ಬರೀ ಹಿಡಿ ಬಿಚ್ಚಿ ಕೊಡಿ ಸ್ವಾಮಿ, ಮಿಕ್ಕಿದ್ದು ಮನೇಲಿರಲಿ" ಎಂದರು. ನನ್ನ ಅಂಗೈಗೆ ಕುಂಕುಮ ಸವರಿ, ಹಿಡಿಯನ್ನು ಗಟ್ಟಿಯಾಗಿ ಹಿಡಿಸಿ, ಬಿಡಿಸಿ ನೋಡಿದರು. ಕೆಂಪು ಹತ್ತಿದ ಕಡೆ ಅರ ಹಾಕಿ ತೆಗೆಯುವುದು, ಹತ್ತದ ಕಡೆ ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬುವುದು. "ಕೊಡಲಿ ಕಾವು ಹಾಕೋದೂ ಇಷ್ಟೇ" ಎಂದರು. ಮಣಿಕಟ್ಟನ್ನು ಸುತ್ತಿ ಹಿಡಿಯುವಂತೆ ಮಾಡಿಬಿಟ್ಟರೆ ಎಂದು ಆಸೆಪಟ್ಟೆ. ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ. ಮಣಿಕಟ್ಟು ಸ್ವತಂತ್ರವಾಗಿ ಅಲ್ಲಾಡುವಂತಿರಬೇಕು. ಐದು ಭಾನುವಾರ ಹಿಡಿಯಿತು. ಕೊನೆಗೆ ಆ ಹಿಡಿ ನನ್ನ ಕೈಯಲ್ಲಿ ಕೂತಿತು ಅನ್ನುವುದಕ್ಕಿಂತ, ನನ್ನ ಕೈ ಅದರೊಳಗೆ ಹೋಗಿ ಮಲಗಿತು ಅನ್ನಬೇಕು.

ರೇಂಜು ಎಂದರೆ ನಮ್ಮ ಕೊಬ್ಬರಿ ಶೆಡ್ಡು. ಮೇಲೆ ಅಟ್ಟದ ತುಂಬ ಕಾಯಿ, ಹನ್ನೊಂದು ತಿಂಗಳು ಒಣಗಿ ಒಳಗೆ ಕೊಬ್ಬರಿ ಬಿಟ್ಟುಕೊಳ್ಳಲು ಕಾಯುತ್ತ ಬಿದ್ದಿರುತ್ತವೆ. ಕೆಳಗೆ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಮೂವತ್ತಾರು ಅಡಿ. ಹತ್ತು ಮೀಟರ್ ಅಳೆದು ಸುಣ್ಣದ ಗೆರೆ ಎಳೆದಿದ್ದೇನೆ. ಆಚೆ ತುದಿಯಲ್ಲಿ ಪೆಲೆಟ್ಟು ನುಂಗಲು ಕಬ್ಬಿಣದ ಪೆಟ್ಟಿಗೆ, ಅದರ ಹಿಂದೆ ಎರಡು ಅಡಿ ದಪ್ಪದ ಮಣ್ಣಿನ ಗೋಡೆ. ಬಾಗಿಲಿಗೆ ಒಳಗಿನಿಂದ ಅಗುಳಿ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಅವಲಕ್ಕಿ ಮುಟ್ಟುವಂತಿಲ್ಲ, ಸೀಸ ಅದು.

ಎಡಗೈ ಜೇಬಿನಲ್ಲಿ. ಉಸಿರು ಎಳೆದು, ತೋಳನ್ನು ಕಪ್ಪಿನ ಮೇಲಕ್ಕೆ ಎತ್ತಿ, ಅರ್ಧ ಉಸಿರು ಬಿಡುತ್ತ ಇಳಿಸಿ, ಕಪ್ಪಿನ ಕೆಳಗೆ ಬಿಳಿಯ ಒಂದು ಪಟ್ಟಿ ಉಳಿಯುವ ಹಾಗೆ ನಿಲ್ಲಿಸುವುದು. ಹತ್ತರ ಉಂಗುರ 11.5 ಮಿ.ಮೀ., ಶರ್ಟಿನ ಗುಂಡಿಯಷ್ಟು. ಅದನ್ನು ನೋಡಬಾರದು! ನೋಡಬೇಕಾದದ್ದು ಗೂಟವನ್ನು, ಗುರಿ ಮಂಜಾಗಿ ಕಾಣಬೇಕು. ಚಾಳೀಸು ಬಂದ ಕಣ್ಣಿಗೆ ತೋಳಿನಳತೆಯ ಗೂಟ ಸ್ಪಷ್ಟವಾಗಲು ಬೇರೆಯೇ ಕನ್ನಡಕ ಬೇಕಾಯಿತು. ಇಷ್ಟಾದ ಮೇಲೂ ಗೂಟ ನಿಲ್ಲುವುದಿಲ್ಲ. ಸಣ್ಣಗೆ ಎಂಟರಂತೆ ಸುತ್ತುತ್ತದೆ. ಅದು ಹತ್ತರ ಮೇಲೆ ಹಾಯುವ ಕ್ಷಣಕ್ಕೆ ಹೊಂಚಿ ಎಳೆದರೆ ಕೆಟ್ಟಿತು, ಆರು. ಅದರ ಪಾಡಿಗೆ ಅದು ಸುತ್ತಲಿ ಎಂದು ಬಿಟ್ಟು, ಬೆರಳು ಮಾತ್ರ ನಿಂಬೆಹಣ್ಣು ಹದ ನೋಡುವ ಹಾಗೆ ಒತ್ತುತ್ತಾ ಹೋದರೆ, ಯಾವಾಗ ಹೋಯಿತೆಂದು ನಿಮಗೇ ತಿಳಿಯದಂತೆ ಟಪ್. ದೊಡ್ಡಪ್ಪ ಹೇಳಿದ ಜಗ್ಗಬಾರದ ಕುದುರೆ ಇದೇ. ಎಂಟು ಸೆಕೆಂಡಿನಲ್ಲಿ ಆಗದಿದ್ದರೆ ತೋಳು ಇಳಿಸಬೇಕು. ಇಳಿಸುವುದೇ ಕಷ್ಟ, ಇಷ್ಟು ಹೊತ್ತು ಹಿಡಿದಿದ್ದೇನೆ, ಹೊಡೆದೇಬಿಡೋಣ ಎಂಬ ಚಪಲ. ಸ್ಪರ್ಧೆಯಲ್ಲಿ 60 ಗುಂಡಿಗೆ 75 ನಿಮಿಷ. ನನಗೆ ಮೂವತ್ತಕ್ಕೇ ಹೆಗಲು ಬಿದ್ದುಹೋಗುತ್ತದೆ. ಗಂಟೆಗಟ್ಟಲೆ ಪೆಲೆಟ್ಟಿಲ್ಲದೆ ಖಾಲಿ ಗೋಡೆಗೆ ಕ್ಲಿಕ್ ಮಾಡುತ್ತ ನಿಲ್ಲುವುದೂ ಅಭ್ಯಾಸದ ಭಾಗ. ಹೆಂಡತಿ ಒಮ್ಮೆ ಇಣುಕಿ, "ಗುರಿಯೂ ಇಲ್ಲ, ಗುಂಡೂ ಇಲ್ಲ, ಪೂಜೆ ಮಾತ್ರ ಭಾರಿ" ಎಂದು ಹೋದಳು.

ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಕೆನಡಾದ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದು ಪಿಸ್ತೂಲು ಹಿಡಿದವರು. 2013ರಲ್ಲಿ ಮುಖದ ಒಂದು ಪಕ್ಕ ಸ್ವಾಧೀನ ತಪ್ಪಿತು. ಗುರಿಕಾರನಿಗೆ ಕಣ್ಣೇ ಹೇಳಿದಂತೆ ಕೇಳದಿದ್ದರೆ! ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ 50 ಮೀಟರ್ ಪಿಸ್ತೂಲಿನಲ್ಲಿ ಅವರಿಗೆ ಬೆಳ್ಳಿ, 2016ರಲ್ಲಿ ರಿಯೋ ಒಲಿಂಪಿಕ್ಸ್. ನಮ್ಮವರೇ ಆದ ದಿವ್ಯಾ ಟಿ.ಎಸ್. ಹಾಂಗ್‌ಝೌ ಏಷ್ಯನ್ ಕೂಟದಿಂದ ಎರಡು ಬೆಳ್ಳಿ ತಂದರು. ಟೋಕಿಯೋದಲ್ಲಿ ಪಿಸ್ತೂಲು ಕೈಕೊಟ್ಟ ಮನು ಭಾಕರ್ 2024ರಲ್ಲಿ ಪ್ಯಾರಿಸ್ಸಿನಿಂದ ಎರಡು ಕಂಚು ತಂದ ಮೇಲಂತೂ ಶೆಡ್ಡಿನ ಬಾಗಿಲಲ್ಲಿ ಪಕ್ಕದ ಮನೆಯ ಹುಡುಗಿಯರು ನಿಲ್ಲತೊಡಗಿದ್ದಾರೆ. ಅವರ ಕೈಗೆ ಮೊದಲ ತಿಂಗಳು ಕೊಡುವುದು ಒಂದು ಲೀಟರ್ ನೀರಿನ ಬಾಟಲಿ. ತೋಳು ಚಾಚಿ ಹಿಡಿದು ನಿಲ್ಲಬೇಕು, ಅಷ್ಟೇ. ಇಬ್ಬರು ಉಳಿದಿದ್ದಾರೆ.

ಅಕ್ಕನ ಮಗ ಮತ್ತೆ ಫೋನ್ ಮಾಡಿದಾಗ, "ನಿಮ್ಮಲ್ಲಿ ಒಳಗೆ ಮುಚ್ಚಿಟ್ಟುಕೊಂಡು ಓಡಾಡಬಹುದಾ ಮಾವ?" ಎಂದು ಕೇಳಿದ. ಲೈಸೆನ್ಸ್ ಸಿಕ್ಕವನು ಮುಚ್ಚಿಯೇ ಓಡಾಡಬೇಕು ಎಂದೆ. 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಪಿಸ್ತೂಲು ಚೀಲದಲ್ಲೋ ಹೋಲ್‌ಸ್ಟರಿನಲ್ಲೋ ಪೂರ್ತಿ ಮುಚ್ಚಿರಬೇಕು, ಝಳಪಿಸುವುದು ಅಪರಾಧ. ಆದರೆ ಆ ಲೈಸೆನ್ಸ್ ಕೊಡುವುದು ಜಿಲ್ಲಾಧಿಕಾರಿ, ಪೊಲೀಸ್ ವರದಿ, ಸುರಕ್ಷಿತವಾಗಿ ಬಳಸಲು ಕಲಿತ ಪ್ರಮಾಣಪತ್ರ ಎಲ್ಲ ನೋಡಿದ ಮೇಲೆ. "ಓಹ್" ಎಂದ. ನಾನು ಅವನಿಗೆ ಕೊನೆಗೆ ಹೇಳಿದ್ದು, ಸೊಂಟದ್ದನ್ನು ಸದ್ಯಕ್ಕೆ ಬಿಡು, ಮೊದಲು ಗುರಿಯದನ್ನು ತಗೋ, ಅಂಗಡಿಯಲ್ಲಿ ಕಣ್ಣು ಮುಚ್ಚಿ ತೋಳು ಎತ್ತು ಎಂದು. "ಅಂಗಡಿಯವರು ನಗಲ್ವಾ?" ಎಂದ. ನಗಲಿ.

ಅವನು ಯುಗಾದಿಗೆ ಬರುತ್ತಾನಂತೆ. ಅಷ್ಟರಲ್ಲಿ ಅಟ್ಟದ ಕಾಯಿ ಇಳಿಸಿ ಮಾರಿ ಶೆಡ್ಡು ಖಾಲಿ ಮಾಡಿರಬೇಕು. ಮಳೆಗಾಲದಲ್ಲಿ ಮರ ಉಬ್ಬಿ ಹೆಬ್ಬೆರಳ ಬುಡದಲ್ಲಿ ಹಿಡಿ ಮತ್ತೆ ಚುಚ್ಚುತ್ತಿದೆ. ನಾಳೆ ಮಂಡಿಯಿಂದ ಬರುವಾಗ ನೆನಪಿಟ್ಟು ಉಪ್ಪುಕಾಗದ ತರಬೇಕು, ಸಣ್ಣ ತರಿಯದು.