ಅರಳು ಮರಳು

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ. ಬೇಂದ್ರೆಯವರು ಅದನ್ನೇ ಕವನ ಸಂಗ್ರಹಕ್ಕೆ ಹೆಸರಾಗಿಟ್ಟರೆಂದೂ, 1958ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತೆಂದೂ ಹೇಳುತ್ತೇನೆ. ಗಾದೆ ಕೇಳಿ ಹುಡುಗರು ನಗುತ್ತಾರೆ, ನಾನೂ ನಗುತ್ತಿದ್ದೆ. ನಮ್ಮ ತಾಯಿಯವರು ಸಾರಿಗೆ ಮೂರು ಸಲ ಉಪ್ಪು ಹಾಕಿದ ದಿನ ಮನೆಮಂದಿಯೆಲ್ಲ ನಕ್ಕೆವು.

ನಗು ನಿಂತದ್ದು, ಮೂವತ್ತು ವರ್ಷ ನಡೆದಾಡಿದ ಬೀದಿಯಲ್ಲೇ ಅವರು ಮನೆ ಯಾವುದೆಂದು ತಿಳಿಯದೆ ನಿಂತಾಗ. ವೈದ್ಯರು ಚೀಟಿಯಲ್ಲಿ ‘ಡಿಮೆನ್ಷಿಯಾ’ ಎಂದು ಬರೆದರು. ನೆರೆಮನೆಯ ಹಿರಿಯರೊಬ್ಬರು ಅದನ್ನು ಓದಿ, “ಸದ್ಯ, ಆಲ್ಝೈಮರ್ಸ್ ಅಲ್ಲವಲ್ಲ!” ಎಂದರು. ನಾನೂ ನಂಬಿ ಸಮಾಧಾನಪಟ್ಟೆ.

ಮುಂದಿನ ಸಲ ವೈದ್ಯರು ನನ್ನ ತಪ್ಪು ತಿದ್ದಿದರು. ಅವರು ಹೇಳಿದ್ದನ್ನು ನಾನು ನನ್ನ ವ್ಯಾಕರಣದಲ್ಲಿ ಅರ್ಥಮಾಡಿಕೊಂಡೆ. ‘ನದಿ’ ರೂಢನಾಮ, ‘ಕಾವೇರಿ’ ಅಂಕಿತನಾಮ. ನೆನಪು, ಮಾತು, ವಿವೇಚನೆ ಕುಂದಿ ನಿತ್ಯದ ಬಾಳೇ ಸಾಗದಂತಾಗುವ ಸ್ಥಿತಿಗೆ ಡಿಮೆನ್ಷಿಯಾ ಎಂಬುದು ರೂಢನಾಮ. ಅದನ್ನು ತರುವ ರೋಗಗಳಲ್ಲಿ ಅತಿ ಸಾಮಾನ್ಯವಾದದ್ದರ ಅಂಕಿತನಾಮ ಆಲ್ಝೈಮರ್ಸ್. ನೂರರಲ್ಲಿ 60-70 ಮಂದಿಗೆ ಇದೇ ಕಾರಣವಂತೆ. ಮಿದುಳಿನ ರಕ್ತನಾಳಗಳು ಕೆಟ್ಟರೂ ಡಿಮೆನ್ಷಿಯಾ ಬರಬಹುದು. ಥೈರಾಯಿಡ್ ಕುಂದಿಯೋ, ಬಿ-12 ಜೀವಸತ್ವ ಸಾಲದೆಯೋ ಬಂದ ಮರೆವು ಔಷಧಕ್ಕೆ ಬಗ್ಗುವುದೂ ಉಂಟು. ಅದಕ್ಕೇ ರಕ್ತಪರೀಕ್ಷೆ. ನಮ್ಮ ತಾಯಿಯವರ ರಕ್ತದಲ್ಲಿ ಯಾವ ದೋಷವೂ ಇರಲಿಲ್ಲ. ಅಂಥ ಒಳ್ಳೆಯ ಸುದ್ದಿ ಕೇಳಿ ದುಃಖಪಟ್ಟದ್ದು ನನ್ನ ಬಾಳಿನಲ್ಲಿ ಅದೊಂದೇ ಸಲ.

ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರ್ ಈ ರೋಗವನ್ನು 1906ರಲ್ಲಿ ವಿವರಿಸಿದರು. ಅವರ ರೋಗಿ ಆಗಸ್ಟೆ 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಬಂದಾಗ ಆಕೆಗೆ 51 ವರ್ಷ. ಆಕೆ ತೀರಿಕೊಂಡ ಮೇಲೆ ಮಿದುಳಿನಲ್ಲಿ ಕಲೆಗಳನ್ನೂ ಗಂಟುಗಳನ್ನೂ ಕಂಡರು. ಅಂದರೆ ಅರಳು ಮರಳಿಗೆ ಅರವತ್ತೇ ಆಗಬೇಕೆಂದಿಲ್ಲ. ಅದು ಮುಪ್ಪಿನ ಸಹಜ ಗುಣವೂ ಅಲ್ಲ, ರೋಗ.

ಇಷ್ಟು ತಿಳಿದದ್ದರಿಂದ ರೋಗ ವಾಸಿಯಾಗಲಿಲ್ಲ. ನನ್ನ ನಾಲಗೆ ಮಾತ್ರ ಸ್ವಲ್ಪ ಮೆತ್ತಗಾಯಿತು. ಸಂಜೆಯಾದರೆ ಅಮ್ಮ, “ಅವರು ಕಚೇರಿಯಿಂದ ಬಂದರೇನಪ್ಪ?” ಎಂದು ಕೇಳುತ್ತಾರೆ. ನಮ್ಮ ತಂದೆಯವರು ಹೋಗಿ ಒಂಬತ್ತು ವರ್ಷವಾಯಿತು. ಮೊದಮೊದಲು, “ಎಷ್ಟು ಸಲ ಹೇಳಬೇಕು?” ಎಂದು ಗದರಿ ನಿಜ ನುಡಿಯುತ್ತಿದ್ದೆ. ಅಮ್ಮ ಪ್ರತಿ ಸಲವೂ ಆ ಸಾವನ್ನು ಹೊಸದಾಗಿ ಕೇಳಿದಂತೆ ಅಳುತ್ತಿದ್ದರು. ಈಗ, “ಇನ್ನೂ ಬಂದಿಲ್ಲಮ್ಮ, ಕಾಫಿ ಆರಿಹೋಗುತ್ತೆ, ಕುಡಿ” ಎನ್ನುತ್ತೇನೆ. ಅದೇನೂ ಸುಳ್ಳಲ್ಲ.

ಆ ಗಾದೆಯನ್ನು ತರಗತಿಯಲ್ಲಿ ಈಗಲೂ ವಿವರಿಸುತ್ತೇನೆ. ಹುಡುಗರು ನಗುತ್ತಾರೆ. ನಕ್ಕು ಮುಗಿಯುವವರೆಗೆ ಕಾದು, ಪಾಠ ಮುಂದುವರಿಸುತ್ತೇನೆ.