ಒಂಬತ್ತು ಎಣಿಸುತ್ತಿದ್ದ ಹುಡುಗರು

ಬೀದರಿಗೆ ನನಗೆ ವರ್ಗವಾದದ್ದು 1997ರಲ್ಲಿ. ಬಸವನ ಬಾಗೇವಾಡಿಯಿಂದ ಸಿಂದಗಿ, ಜೇವರ್ಗಿ, ಗುಲಬರ್ಗಾ, ಹುಮನಾಬಾದ್ ದಾಟಿ ಹೋಗಬೇಕು. ನಾನು ಗೊಣಗಿದ್ದಕ್ಕೆ ಚಿಕ್ಕಪ್ಪ ಗದರಿದ: "ಬಸವಣ್ಣನs ಕಲ್ಯಾಣಕ್ಕ ನಡಕೊಂತ ಹೋಗ್ಯಾನ, ಬಸ್ಸಿನ್ಯಾಗ ಕುಂತು ಹೋಗಾಕ ನಿನಗೇನು ಧಾಡಿ?"

ನಾನು ಗಣಿತದ ಮಾಸ್ತರ. ಬೀದರಿನ ಶಾಲೆಯಲ್ಲಿ ಮೊದಲ ವಾರವೇ ಒಂದು ಪಾಠ ಕಲಿತೆ. ವಾಯುನೆಲೆಯಿಂದ ಜೆಟ್ ಎದ್ದರೆ ಮಾಸ್ತರ ಸುಮ್ಮನಾಗಬೇಕು. ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತು, ಸದ್ದು ಅಡಗಿದ ಮೇಲೆ ಸಮೀಕರಣದ ಉಳಿದರ್ಧ ಹೇಳಬೇಕು. ಹೊಸದಾಗಿ ಬಂದ ನನಗೆ ಸಿಟ್ಟು ಬರುತ್ತಿತ್ತು. ಹುಡುಗರಿಗೆ ಅದೇ ಹಬ್ಬ.

ವಾಯುಪಡೆಯ ವೈಮಾನಿಕ ಕಸರತ್ತಿನ ಸೂರ್ಯಕಿರಣ್ ತಂಡ ಹುಟ್ಟಿದ್ದು ಆ ನೆಲೆಯಲ್ಲಿಯೇ, 1996ರ ಮೇ 27ರಂದು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಕಿರಣ್ ವಿಮಾನಗಳು. ಮೊದಮೊದಲು ಕಡಿಮೆ ಇದ್ದವು, ಆಮೇಲೆ ಒಂಬತ್ತಾದವು. ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರ ಹಾರುತ್ತಿದ್ದವು. ಹುಡುಗರು ಕಿಟಕಿಗೆ ಮುಖವಿಟ್ಟು "ಏಳು, ಎಂಟು, ಒಂಬತ್ತು" ಎಂದು ಎಣಿಸಿ ಮುಗಿಸಿದ ಮೇಲೆಯೇ ಬೆಂಚಿಗೆ ಮರಳುವುದು. ಎಣಿಕೆ ತಪ್ಪಿದವನನ್ನು ಉಳಿದವರು ಛೇಡಿಸುತ್ತಿದ್ದರು. ಮಗ್ಗಿಯನ್ನು ಅಷ್ಟು ಶ್ರದ್ಧೆಯಿಂದ ಯಾರೂ ಹೇಳಲಿಲ್ಲ.

2006ರ ಮಾರ್ಚ್ 18, ಶನಿವಾರ. ಬೀದರ್ ಬಳಿ ಅಭ್ಯಾಸದ ಹಾರಾಟದಲ್ಲಿದ್ದ ಸೂರ್ಯಕಿರಣ್ ತಂಡದ ವಿಮಾನ ಬಿತ್ತು. ವಿಂಗ್ ಕಮಾಂಡರ್ ಧೀರಜ್ ಭಾಟಿಯಾ ಮತ್ತು ಸ್ಕ್ವಾಡ್ರನ್ ಲೀಡರ್ ಶೈಲೇಂದರ್ ಸಿಂಗ್ ತೀರಿಕೊಂಡರು. ಬಿದ್ದದ್ದನ್ನು ನಾನು ನೋಡಲಿಲ್ಲ. ನೋಡಿದೆನೆಂದು ಹೇಳುವವರು ಮಾತ್ರ ಸಂಜೆಯ ಹೊತ್ತಿಗೆ ಓಣಿಗೊಬ್ಬರಿದ್ದರು. ಒಬ್ಬೊಬ್ಬರದೂ ಒಂದೊಂದು ಕಥೆ. ನಾನು ಕಣ್ಣಾರೆ ಕಂಡದ್ದು ಸೋಮವಾರದ ತರಗತಿಯನ್ನು. ಕಿಟಕಿಯ ಕಡೆ ಯಾರೂ ನೋಡುತ್ತಿರಲಿಲ್ಲ. ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: "ಸರ್, ಲಡಾಯಿ ಇಲ್ದಾಗ ಅವ್ರು ಹ್ಯಾಂಗ ಸತ್ರು?"

ನನ್ನ ಹತ್ತಿರ ಉತ್ತರವಿರಲಿಲ್ಲ. "ಅಪಘಾತಪ್ಪಾ, ಕೂಡ್ರು" ಎಂದೆ. ಆ ಉತ್ತರ ಕೊಟ್ಟದ್ದಕ್ಕೆ ಇವತ್ತಿಗೂ ನಾಚಿಕೆಯಿದೆ.

ಮೂರು ವರ್ಷವೂ ತುಂಬಿರಲಿಲ್ಲ. 2009ರ ಜನವರಿ 21ರಂದು, ಮತ್ತೆ ಬೀದರಿನಲ್ಲೇ, ಅದೇ ತಂಡದ ವಿಂಗ್ ಕಮಾಂಡರ್ ಧಾಲಿವಾಲ್ ಅಭ್ಯಾಸದ ವೇಳೆ ವಿಮಾನ ಬಿದ್ದು ಸತ್ತರು. ಅಷ್ಟರಲ್ಲಿ ಆ ಹುಡುಗ ಶಾಲೆ ಬಿಟ್ಟು ಹೋಗಿದ್ದ. ಅವನ ಪ್ರಶ್ನೆ ಹೋಗಿರಲಿಲ್ಲ.

ಉತ್ತರ ಹುಡುಕುತ್ತ ಪತ್ರಿಕೆಗಳನ್ನು ಕತ್ತರಿಸಿ ಇಡತೊಡಗಿದೆ. ತಿಳಿದಷ್ಟು ಹೇಳುತ್ತೇನೆ. ಕಿರಣ್ ತರಬೇತಿ ವಿಮಾನದಲ್ಲಿ ಗುರು ಶಿಷ್ಯರಿಬ್ಬರೂ ಒಂದೇ ಬೆಂಚಿನಲ್ಲಿ ಕೂತಂತೆ ಪಕ್ಕಪಕ್ಕ ಕೂರುತ್ತಾರೆ. ಅದರಿಂದ ಇಳಿದ ಎಳೆಯ ಪೈಲಟ್, ಗಂಟೆಗೆ 300 ಕಿ.ಮೀ. ಮೀರಿದ ವೇಗದಲ್ಲಿ ನೆಲ ಮುಟ್ಟುವ ಮಿಗ್-21 ಹತ್ತಬೇಕಾಗಿತ್ತು. ಕೂಡಿಸುವ ಲೆಕ್ಕ ಮುಗಿಸಿದವನನ್ನು ಎತ್ತಿ ಕಲನಶಾಸ್ತ್ರದ ಪರೀಕ್ಷೆಗೆ ಕೂರಿಸಿದ ಹಾಗೆ. ನಡುವೆ ಒಂದು ಮೆಟ್ಟಿಲು ಬೇಕು, ಮುಂದುವರಿದ ಜೆಟ್ ತರಬೇತಿ ವಿಮಾನ ಬೇಕು ಎಂದು ಏರ್ ಮಾರ್ಷಲ್ ಲಾಫೊಂಟೇನ್ ಸಮಿತಿ ಹೇಳಿದ್ದು 1982ರಲ್ಲಿ. ಅಂಥ ಹಾಕ್ ವಿಮಾನಗಳ ಒಪ್ಪಂದವಾದದ್ದು 2004ರಲ್ಲಿ. ಮಾಸ್ತರನಿಗೆ ಕಳೆಯುವ ಲೆಕ್ಕ ಹೇಳಿಕೊಡಬೇಕೆ? 22 ವರ್ಷ. ಇದನ್ನು ವಿಳಂಬ ಎನ್ನುವುದು ತೀರಾ ಮರ್ಯಾದೆಯ ಮಾತಾಯಿತು.

ಇನ್ನೂ ಕೆಳಗಿನ ಮೆಟ್ಟಿಲಿನ ಕಥೆ ಬೇರೆ. ಹೊಸಬರು ಮೊಟ್ಟಮೊದಲು ಕಲಿಯುತ್ತಿದ್ದ ಎಚ್‌ಪಿಟಿ-32 ವಿಮಾನದಲ್ಲಿ, ಆಪತ್ತಿನಲ್ಲಿ ಪೈಲಟನನ್ನು ಹೊರಗೆ ಚಿಮ್ಮಿಸುವ ಆಸನವೇ ಇರಲಿಲ್ಲ. 17 ಅಪಘಾತಗಳಲ್ಲಿ 19 ಜನ ಹೋದ ಮೇಲೆ, 2009ರಲ್ಲಿ, ಅದನ್ನು ನೆಲಕ್ಕಿಳಿಸಿದರು.

ಹಾಕ್ ಬಂದದ್ದನ್ನು ನಾನು ಬೀದರಿನಲ್ಲೇ ಇದ್ದು ನೋಡಿದೆ. 2008ರ ಫೆಬ್ರುವರಿ. ಸದ್ದೇ ಬೇರೆ. ಅದರಲ್ಲಿ ಗುರು ಪಕ್ಕದಲ್ಲಲ್ಲ, ಹಿಂದೆ ಕೂರುತ್ತಾನೆ. ಕಲಿಯುವವನ ಕಣ್ಣ ಮುಂದೆ ಬರಿ ಆಕಾಶ. ಎರಡೇ ತಿಂಗಳಲ್ಲಿ ಒಂದು ಹಾಕ್ ಮೇಲೇಳುವಾಗಲೇ ಬಿತ್ತು, ಇಬ್ಬರೂ ಉಳಿದುಕೊಂಡರು. ತರಬೇತಿಗೇ ವಿಮಾನ ಸಾಲದೆ 2011ರಲ್ಲಿ ಸೂರ್ಯಕಿರಣ್ ನಿಂತಿತು. 2015ರಲ್ಲಿ ಹಾಕ್ ಏರಿ ಮರಳಿತು. 2019ರ ಫೆಬ್ರುವರಿ 19ರಂದು ಯಲಹಂಕದಲ್ಲಿ, ಏರೋ ಇಂಡಿಯಾದ ತಾಲೀಮಿನಲ್ಲಿ ಆ ತಂಡದ ಎರಡು ವಿಮಾನ ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ಆ ಹೊತ್ತಿಗೆ ನಾನು ನಿವೃತ್ತನಾಗಿ ಬಾಗೇವಾಡಿಯಲ್ಲಿದ್ದೆ. ಮರುವರ್ಷ ಅದೇ ಬೀದರ್ ನೆಲೆಯಿಂದ ಬೆಂಗಳೂರಿಗೆ ಪ್ರಯಾಣಿಕರ ವಿಮಾನವೂ ಶುರುವಾಯಿತು. ನಾವು ಬೇಲಿಯಾಚೆ ನಿಂತು ನೋಡುತ್ತಿದ್ದ ರನ್‌ವೇ ಮೇಲೆ ಸಾಮಾನು ಸಮೇತ ಜನ ಹತ್ತಿದರು.

ನಿವೃತ್ತಿ ಎಂದೆ, ಆದರೆ ನಮ್ಮ ಜಿಲ್ಲೆಯಲ್ಲಿ ಗಣಿತದ ಮಾಸ್ತರನಿಗೆ ನಿವೃತ್ತಿ ಎಲ್ಲಿಯದು? ವಿಜಯಪುರದ ಸೈನಿಕ ಶಾಲೆ ಶುರುವಾದದ್ದು 1963ರಲ್ಲಿ. ನಾನು ಚಿಕ್ಕವನಿದ್ದಾಗ ಅದರ ಪರೀಕ್ಷೆಗೆ ಊರಿಗೊಬ್ಬ ಹುಡುಗ ಕೂತರೆ ಹೆಚ್ಚು. ಶಾಲೆಯ ಮಾಸ್ತರನೇ ಸಂಜೆ ಲಾಟೀನು ಹಚ್ಚಿ ಪುಕ್ಕಟೆ ಹೇಳಿಕೊಡುತ್ತಿದ್ದ. ಈಗ ಅದೊಂದು ದೊಡ್ಡ ಕಸುಬು. "ಸೈನಿಕ್, ಕಿತ್ತೂರು, ನವೋದಯ, ಮೊರಾರ್ಜಿ" ಎಂದು ಒಂದೇ ಉಸಿರಿನಲ್ಲಿ ಬರೆದ ಫಲಕಗಳು. ಇಂಡಿಯ ನಿಂಬೆ ತೋಟದವರು, ಸಿಂದಗಿಯ ತೊಗರಿ ಬೆಳೆಯುವವರು, ಮುದ್ದೇಬಿಹಾಳದ ಅಂಗಡಿಯವರು ಮಕ್ಕಳನ್ನು ತಂದು ಬಿಡುತ್ತಾರೆ. ಈಗ ಸೈನಿಕ ಶಾಲೆಗೆ ಹೆಣ್ಣುಮಕ್ಕಳೂ ಹೋಗುತ್ತಿದ್ದಾರೆ. ನಾನೂ ವಾರಕ್ಕೆರಡು ದಿನ ಪಾಠಕ್ಕೆ ಹೋದೆ. ದುಡ್ಡು ಪಡೆದೇ ಹೋದೆ, ಸುಳ್ಳೇಕೆ.

2023ರ ಜನವರಿ 28. ಗ್ವಾಲಿಯರ್‌ನಿಂದ ತರಬೇತಿಗೆ ಎದ್ದ ಸುಖೋಯ್ ಮತ್ತು ಮಿರಾಜ್ ಮೊರೆನಾದ ಬಳಿ ಬಿದ್ದವು. ಸುಖೋಯ್‌ನ ಇಬ್ಬರು ಹೊರಗೆ ಚಿಮ್ಮಿ ಬದುಕಿದರು. ಮಿರಾಜ್‌ನಲ್ಲಿದ್ದ ವಿಂಗ್ ಕಮಾಂಡರ್ ಹನುಮಂತರಾವ್ ಸಾರಥಿ ಬದುಕಲಿಲ್ಲ. ಅವರು ಬೆಳಗಾವಿಯವರು, ನಮ್ಮ ಮಾತಿನವರು. ಮುಂದಿನ ಪಾಠದ ದಿನ ಮುದ್ದೇಬಿಹಾಳ ಕಡೆಯ ತಾಯಿಯೊಬ್ಬಳು ಮಗಳನ್ನು ಬಾಗಿಲಲ್ಲೇ ಹಿಡಿದು ನಿಂತಿದ್ದಳು. "ಲಡಾಯಿ ಇರಲಿಲ್ಲಲ್ರೀ ಸರ. ಮತ್ತ ಹ್ಯಾಂಗ?"

17 ವರ್ಷದ ಹಿಂದಿನ ಪ್ರಶ್ನೆ. ಈ ಸಲ "ಅಪಘಾತ" ಎನ್ನಲಿಲ್ಲ. "ಯವ್ವಾ, ಲಡಾಯಿಯೊಳಗ ಮಾಡೋದನ್ನ ಮೊದಲs ಮಾಡಿ ಮಾಡಿ ಕಲೀಬೇಕು. ಕಲಿಯೂದೂ ಅಷ್ಟs ಖರೇ ಇರ್ತೈತಿ. ಮ್ಯಾಲಿನ ಗಾಳಿಗೆ ಇದು ತಾಲೀಮು ಅಂತ ತಿಳಿಯೂದಿಲ್ಲ" ಎಂದೆ. ಆಕೆ ಏನೂ ಅನ್ನಲಿಲ್ಲ. ಮಗಳ ಕೈ ಬಿಟ್ಟಳು. ಅದೇ ವರ್ಷ ಜೂನ್ 1ರಂದು ಚಾಮರಾಜನಗರದ ಭೋಗಾಪುರ ಬಳಿ ಕಿರಣ್ ಒಂದು ಬಿದ್ದಾಗ, ಅದರಲ್ಲಿದ್ದ ಮಹಿಳಾ ಪೈಲಟ್ ಮತ್ತು ಜೊತೆಗಾರ ಇಬ್ಬರೂ ಪ್ಯಾರಾಚೂಟ್‌ನಲ್ಲಿ ಇಳಿದು ಉಳಿದರು. ಆ ಪತ್ರಿಕೆಯ ತುಣುಕನ್ನು ಆ ಹುಡುಗಿಗೇ ಕೊಟ್ಟೆ.

ನಮ್ಮ ಜಿಲ್ಲೆಯ ಮಾಸ್ತರರಲ್ಲಿ ಒಂದು ಬಿನ್ನಹ. ಜುಲೈ 26ಕ್ಕೆ ಕಾರ್ಗಿಲ್ ವೀರರನ್ನು ನೆನೆಯುತ್ತೀರಿ, ಒಳ್ಳೆಯದು. ಅಕ್ಟೋಬರ್ 8 ವಾಯುಪಡೆಯ ದಿನ. ಅಂದು ಪ್ರಾರ್ಥನೆ ಮುಗಿದ ಮೇಲೆ ಹುಡುಗರನ್ನು ಅರೆಗಳಿಗೆ ನಿಲ್ಲಿಸಿ ಈ ಹೆಸರುಗಳನ್ನೂ ಓದಿ: ಧೀರಜ್ ಭಾಟಿಯಾ, ಶೈಲೇಂದರ್ ಸಿಂಗ್, ಧಾಲಿವಾಲ್, ಸಾಹಿಲ್ ಗಾಂಧಿ, ಹನುಮಂತರಾವ್ ಸಾರಥಿ.